ವಕೀಲ ಸಾಹೇಬರ ನಾಲ್ಕು ಬಸ್ತಾಗಳು

ಮೊಮ್ಮಗಳ ಕುಬಸವಾದ ವಾರವೇ ಅವಳಿಗೆ ಕೆಲಸವೂ ಸಿಕ್ಕಿತು. ಏಳನೆಯ ತಿಂಗಳಿಗೆಂದು ತೊಡಿಸಿದ ಹಸಿರು ಬಳೆಗಳು ಇನ್ನೂ ಕೈಯಲ್ಲಿ ಝಣಝಣ ಎನ್ನುತ್ತಿದ್ದವು. ಒಂದರ ಬೆನ್ನಿಗೊಂದು ಎರಡು ಸಂತೋಷ ಬಂದರೆ ನನ್ನಂಥವಳ ಬಾಯಿ ಹೇಗೆ ಮುಚ್ಚಿರಬೇಕು? ಓಣಿಗೆಲ್ಲ ಸಕ್ಕರೆ ಹಂಚಿದೆ. ಅದೂ ಸಾಲದೆ, ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ನೆಲೋಗಿ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿನ ಅಂಗೈಗೂ ಒಂದು ಚಿಟಿಕೆ ಹಾಕಿ ಎಲ್ಲ ಹೇಳಿಬಿಟ್ಟೆ.

ಆಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಎರಡೂ ಒಮ್ಮೆಲೇ ಹೇಳಬ್ಯಾಡ್ರಿ ಯಕ್ಕಾ. ಒಂದರ ಮುಚ್ಚಿಟ್ಕೋರಿ. ಮಂದಿ ಕಣ್ಣು ಭಾಳ ಕೆಟ್ಟ ಇರ್ತಾವ," ಎಂದಳು.

ನಕ್ಕುಬಿಟ್ಟೆ. ಆದರೆ ಮುಚ್ಚಿಡುವ ಮಾತು ನನಗೆ ಹೊಸದಾಗಿರಲಿಲ್ಲ. ಮೊಮ್ಮಗಳಿಗೆ ಕೆಲಸ ಸಿಕ್ಕದ್ದು ವಕೀಲ ಸಾಹೇಬರ ಮನೆಯಲ್ಲಿ. ಆ ಮನೆಯ ಕಾಗದಗಳ ನಡುವೆ ನಾನು ಇಪ್ಪತ್ತೇಳು ವರ್ಷದ ಹಿಂದೆ ಒಂದು ಹಾಳೆಯನ್ನು ಮುಚ್ಚಿಟ್ಟಿದ್ದೆ. ಅದು ಅವಳ ಕಣ್ಣಿಗೆ ಬೀಳಬಾರದಾಗಿತ್ತು. ಅದರಲ್ಲೂ ಬಸುರಿಯಾಗಿದ್ದಾಗ ಬೀಳಲೇಬಾರದಾಗಿತ್ತು.

ನಾನು ಹುಟ್ಟಿದ್ದು ಆಳಂದ ಕಡೆಯ ಹಿರೋಳ್ಳಿಯಲ್ಲಿ. ಓದಿದ್ದು ಮೂರನೆಯ ಇಯತ್ತೆ, ಅದೂ ಮರೆತು ಹೆಸರು ಬರೆಯುವಷ್ಟೇ ಉಳಿದಿತ್ತು. ಮದುವೆಯಾಗಿ ನೆಲೋಗಿಗೆ ಬಂದೆ, ಗಂಡನ ಹಿಂದೆ ಜೇವರ್ಗಿಗೆ ಬಂದೆ, ವಕೀಲ ಸಾಹೇಬರ ಮನೆ ಸೇರಿದೆ. ಕಸ ಗುಡಿಸುವ ಕೆಲಸಕ್ಕೆಂದು ಹೋದವಳು ಅವರ ಕಾಗದ ಕಾಯುವ ಕೆಲಸಕ್ಕೆ ಬಿದ್ದೆ. ಆ ಮನುಷ್ಯನಿಗೆ ಮೂರು ಹುಚ್ಚು. ವಾರವಿಡೀ ಕೋರ್ಟು. ರಜೆ ಬಂದರೆ ಜೀಪು ಹತ್ತಿ ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ತಿರುಗಿ ಹಳೆಯ ಚಿತ್ರ ಹುಡುಕುವುದು. ವಾಡೆಗಳ ಅಟ್ಟದಲ್ಲಿ ಇಲಿ ಕಡಿದ ಸುರಪುರದ ಚಿತ್ರಗಳು, ಬಂಗಾರದ ರೇಕು ಉದುರಿದ ದೇವರುಗಳು, ಮೂಗು ಹೋದ ಕಟ್ಟಿಗೆಯ ಮುಖವಾಡಗಳು. ಮೂರನೆಯದು ಕೊಡುವುದು. ಶಾಲೆಗೆ ತಗಡು, ಹುಡುಗಿಯರಿಗೆ ಫೀಸು, ಎಲ್ಲಿಯೋ ಒಂದು ಬಾವಿಗೆ ಕಟ್ಟೆ. ಕೊಟ್ಟದ್ದನ್ನು ಯಾರಾದರೂ ಎದುರಿಗೆ ಹೊಗಳಿದರೆ ಅವರ ಮುಖ ಕಷಾಯ ಕುಡಿದಂತಾಗುತ್ತಿತ್ತು.

ಈ ಮೂರು ಹುಚ್ಚಿನ ಕಾಗದಗಳಿಗೆ ಮೂರು ಬಣ್ಣದ ಬಸ್ತಾ, ಅಂದರೆ ಕಾಗದ ಕಟ್ಟಿಡುವ ಚೌಕದ ಅರಿವೆ. ಕೆಂಪು ಕೋರ್ಟಿನದು, ಹಳದಿ ಚಿತ್ರದ್ದು, ಬಿಳಿ ಕೊಟ್ಟದ್ದರದು. ನಾಲ್ಕನೆಯದು ಹಸಿರು. ಅದರಲ್ಲಿ ಮಂದಿ ನಂಬಿ ಇಟ್ಟುಹೋದ ವಸ್ತುಗಳು. ಸಾಹೇಬರು ಅದಕ್ಕೆ ಅಮಾನತ್ ಎನ್ನುತ್ತಿದ್ದರು.

"ಅಕ್ಷರ ಬರಲಿಲ್ಲಂದ್ರೇನಾತಬೇ, ಬಣ್ಣ ಗೊತ್ತಾಗ್ತಾವಲ್ಲ? ಕಟ್ಟೂದು, ಬಿಚ್ಚೂದು ನಿನ್ನ ಜಿಮ್ಮಾ," ಎಂದಿದ್ದರು.

ಹೀಗೆ ಮೂವತ್ತು ವರ್ಷ ಕಟ್ಟಿದೆ, ಬಿಚ್ಚಿದೆ.

ನನಗೆ ಒಬ್ಬಳೇ ಮಗಳು. ಚೊಚ್ಚಲ ಬಾಣಂತನಕ್ಕೆ ನನ್ನ ಬಳಿ ಬಂದಿದ್ದಳು. ಆ ದಿನಗಳಲ್ಲಿ ಹಳೆಯ ಚಿತ್ರಗಳಿಗೆ ಬಣ್ಣ ತುಂಬಲಿಕ್ಕೆ ಒಬ್ಬ ಮುದುಕ ಚಿತ್ರಗಾರ ಸಾಹೇಬರ ಮನೆಯಲ್ಲಿ ಉಳಿದಿದ್ದ. ಮಗಳು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಒಂದು ಕಾಲು ಚಾಚಿದ್ದಳು, ಎಡಗೈ ಹೊಟ್ಟೆಯ ಮೇಲಿತ್ತು. ಚಿತ್ರಗಾರ ಕೈಗೆ ಸಿಕ್ಕ ಕೋರ್ಟಿನ ರದ್ದಿ ಹಾಳೆಯೊಂದನ್ನು ಮಗುಚಿ, ಅದರ ಬೆನ್ನಿಗೆ ಅವಳನ್ನು ಬರೆದುಬಿಟ್ಟ. ಚಹಾ ಆರುವಷ್ಟರಲ್ಲಿ ಮುಗಿಯಿತು. ಯಾರೋ ಹಿಂದಿನಿಂದ ಕರೆದರೇನೋ ಎಂಬಂತೆ ಅವಳು ಕತ್ತು ತಿರುಗಿಸಿದ್ದಳು. ಆಗ ಯಾರೂ ಕರೆದಿರಲಿಲ್ಲ. ನಾನು ಅಲ್ಲೇ ಇದ್ದೆ.

ಹನ್ನೆರಡು ದಿನಕ್ಕೆ ಅವಳ ಕಾಲು ಬಾತವು. ಮಣ್ಣಿನಲ್ಲಿ ಹೆಬ್ಬೆರಳು ಒತ್ತಿದಂತೆ, ಒತ್ತಿದಲ್ಲಿ ತಗ್ಗು ಬೀಳುತ್ತಿತ್ತು. ಬಸುರಿಗೆ ಕಾಲು ಬಾಯುವುದು ಸಹಜ ಎಂದುಕೊಂಡೆವು. ನೋವು ಬಂದ ದಿನ ಮೈಯೆಲ್ಲ ಸೆಟೆದು ಫಿಟ್ಸ್ ಬಂದವು. ಕೂಸು ಉಳಿಯಿತು, ಅವಳು ಉಳಿಯಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆ. ಹೆರಿಗೆಯಲ್ಲಿ ಹೋದವಳದು ಒಂದು ದಾರವೂ ಮನೆಯಲ್ಲಿ ಉಳಿಯಬಾರದು. ಸೀರೆ, ಬಳೆ, ಬಾಚಣಿಕೆ, ಮದುವೆಯ ಫೋಟೋ, ಎಲ್ಲವೂ ಭೀಮಾ ನದಿಯ ಪಾಲು. ನನ್ನ ಅತ್ತೆ ಕೂಸನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಆಕೀ ಮಾರಿ ಒಂದ ಮನ್ಯಾಗ ಉಳೀಬಾರ್ದು ನೋಡು. ಉಳೀತಂದ್ರ ಇವತ್ತಿಲ್ಲ ನಾಳೆ ಕರೀಲಾಕ ಬರ್ತಾಳ. ಈ ಕೂಸಿನ್ನ ಬಿಟ್ರೂ, ಇದು ಬಸುರಾದಾಗ ಬಂದೇ ಬರ್ತಾಳ."

ಎಲ್ಲ ಕೊಟ್ಟೆ. ಆ ಹಾಳೆಯೊಂದನ್ನು ಕೊಡಲಿಕ್ಕೆ ಕೈ ಬರಲಿಲ್ಲ. ನಮ್ಮ ಮನೆಯಲ್ಲಿ ಉಳಿಯಬಾರದು ತಾನೆ? ಸಾಹೇಬರ ಮನೆಯಲ್ಲಿ ಉಳಿಯಲಿ ಎಂದುಕೊಂಡೆ. ಕೆಂಪು ಬಸ್ತಾದೊಳಗೆ, ಕೋರ್ಟಿನ ಬರಹ ಮೇಲೆ ಮಾಡಿ, ಮಗಳ ಮುಖ ಕೆಳಗೆ ಮಾಡಿ ಸೇರಿಸಿಟ್ಟೆ. ಮುಗಿದ ಖಟ್ಲೆಯ ಹಾಳೆಯನ್ನು ಯಾರು ಮಗುಚಿ ನೋಡುತ್ತಾರೆ?

ಆಮೇಲೆ ನಾನೂ ಮಗುಚಿ ನೋಡಲಿಲ್ಲ, ಹೆದರಿಕೆ. ಅಳಿಯ ಬೇರೆ ಮದುವೆಯಾದ. ಕೂಸು ನನ್ನ ಕೈಯಲ್ಲೇ ಬೆಳೆಯಿತು. "ಆಯಿ, ನಮ್ಮವ್ವ ಹೆಂಗಿದ್ಳು?" ಎಂದು ಕೇಳಿದಾಗಲೆಲ್ಲ, "ಕನ್ನಡಿ ನೋಡ್ಕೊ," ಎನ್ನುತ್ತಿದ್ದೆ.

ಒಮ್ಮೆ ಸಾಹೇಬರು, ಕಣ್ಣು ಕಾಗದದ ಮೇಲೇ ಇಟ್ಟು ಕೇಳಿದ್ದರು: "ನಿಂದೇನರ ವಸ್ತು ನನ್ನ ಕಡೆ ಉಳಿದಿದ್ರ ಕೇಳಿ ತಗೋಬೇಕು. ಸಂಕೋಚ ಮಾಡಬಾರ್ದು."

"ನಂದೇನದರಿ ಸಾಹೇಬ್ರ ನಿಮ್ಮ ಕಡೆ? ಒಂದು ಕಸಬರಿಗಿ ಅದ," ಎಂದೆ. ಅವರು ನಗಲಿಲ್ಲ. ಆಗ ನನಗೆ ಅರ್ಥವಾಗಲಿಲ್ಲ.

ಆರು ವರ್ಷದ ಹಿಂದೆ ಸಾಹೇಬರು ಹೋದರು. ಸಾವಾದ ಮನೆಯಲ್ಲಿ ಮೂರನೆಯ ದಿನ ಒಂದು ಅರಿವೆಯನ್ನೂ ಬಿಡದೆ ತೊಳೆಯಬೇಕು, ಇಲ್ಲದಿದ್ದರೆ ಮೈಲಿಗೆ ಹೋಗುವುದಿಲ್ಲ. ಹಾಸಿಗೆ, ಪರದೆ, ಕೈವಸ್ತ್ರ, ಎಲ್ಲ ಒಗೆದೆ. ಬಸ್ತಾಗಳೂ ಅರಿವೆಯೇ ಅಲ್ಲವೆ? ನಾಲ್ಕನ್ನೂ ಬಿಚ್ಚಿ, ಕಾಗದಗಳನ್ನು ನಾಲ್ಕು ಗುಂಪು ಮಾಡಿ ನೆಲಕ್ಕಿಟ್ಟು, ಒಗೆದು ಹಾಕಿದೆ. ಆ ಹೊತ್ತಿಗೆ ಅಫಜಲಪುರದಿಂದ ಮಂದಿ ಬಂದರು, ಕುಳಿತುಕೊಳ್ಳಲು ಜಾಗವಾಗಲಿ ಎಂದು ಯಾರೋ ಗುಂಪುಗಳನ್ನು ಗೋಡೆಗೆ ಸರಿಸಿದರು, ಒಂದರ ಮೇಲೊಂದು ಒರಗಿದವು. ಅರಿವೆ ಒಣಗಿದ ಮೇಲೆ ಅಂದಾಜಿನಲ್ಲಿ ಕಟ್ಟಿದೆ. ಎಲ್ಲ ಕಾಗದವೂ ಒಂದೇ ಬಣ್ಣ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಿರಲೂ ಇಲ್ಲ.

ಈಗ ಸಾಹೇಬರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುವವರು, ಚಿತ್ರಗಳನ್ನೂ ಕಾಗದಗಳನ್ನೂ ಕಲಬುರಗಿಯ ಒಂದು ಸಂಗ್ರಹಾಲಯಕ್ಕೆ ಕೊಡಲು ಒಪ್ಪಿದ್ದರು. ಕೊಡುವ ಮೊದಲು ಪಟ್ಟಿಯಾಗಬೇಕು. ಮೊಮ್ಮಗಳು ಗ್ರಂಥಾಲಯದ ಓದು ಓದಿದವಳು, ಗಂಡನ ಮನೆಯೂ ಜೇವರ್ಗಿಯೇ. ಮತ್ಯಾರನ್ನು ಕರೆಯುತ್ತಾರೆ?

ಮೊದಲ ದಿನವೇ ಅವ್ವಾರು, "ಕೆಂಪು ಬಸ್ತಾದಾಗ ಮಂದಿ ಮನಿಜಗಳ ಅದಾವ. ಸಂಗ್ರಹಾಲಯದವ್ರಿಗೆ ಅವನ್ನ ಕೊಡೂದು ಬ್ಯಾಡ. ನೀರಿನ ಒಲೀಗೆ ಹಾಕಿಬಿಡು," ಎಂದು ನನಗೇ ಹೇಳಿದರು.

ದೇವರೇ ದಾರಿ ತೋರಿಸಿದ ಎಂದುಕೊಂಡೆ. ನಾನು ನೋಡುವುದು ಬೇಡ, ಮೊಮ್ಮಗಳು ನೋಡುವುದು ಬೇಡ, ಅತ್ತೆಯ ಮಾತೂ ಉಳಿಯಿತು. ನೀರಿನ ಬದಲು ಬೆಂಕಿ. ಹಂಡೆಯ ಒಲೆಯ ಮುಂದೆ ಕುಳಿತು, ಮುಖ ಆ ಕಡೆ ಮಾಡಿ, ಹಿಡಿ ಹಿಡಿ ಹಾಕಿದೆ. ಪ್ರತಿ ಹಿಡಿಗೆ ಎದೆಯೊಳಗೆ ಒಂದು ಬಾಗಿಲು ಬಡಿದಂತಾಗುತ್ತಿತ್ತು. ಇದೇ ಇರಬೇಕು, ಇದರಲ್ಲೇ ಇರಬೇಕು.

ಮೊಮ್ಮಗಳು ನೀರು ಕುಡಿಯಲು ಹಿತ್ತಲಿಗೆ ಬಂದವಳು ಹೊರಗೆ ಬಿದ್ದಿದ್ದ ಒಂದು ಹಾಳೆ ಎತ್ತಿದಳು. ಓದಿದಳು. ಆಮೇಲೆ ಕೂಗಿದ್ದು ಮೂರು ಮನೆಗೆ ಕೇಳಿಸಿರಬೇಕು.

"ಆಯಿ! ಏನ್ ಸುಡಾಕತ್ತೀಬೇ? ಇದು ಖಟ್ಲೆ ಅಲ್ಲ! ಆಳಂದ ಕಡೀ ಹುಡುಗಿ ಬರ್ದ ಪತ್ರ. ನರ್ಸ್ ಆಗೇನ್ರಿ, ನಿಮ್ಮ ಋಣ ಅಂತ ಬರ್ದಾಳ!"

ಬಸ್ತಾ ಕೆಂಪು, ಒಳಗಿನದು ಕೊಟ್ಟದ್ದರ ಕಾಗದ. ನಾನು ಕಟ್ಟಿದ್ದ ಅಂದಾಜು ಆ ಕ್ಷಣಕ್ಕೆ ತೆರೆದು ಬಿತ್ತು. ಅರ್ಧ ಬಸ್ತಾ ಬೂದಿಯಾಗಿತ್ತು. ಎಷ್ಟು ಮಂದಿಯ ಕೃತಜ್ಞತೆಯಲ್ಲಿ ನಾನು ಆ ದಿನ ಸ್ನಾನದ ನೀರು ಕಾಯಿಸಿದೆನೋ!

ಅವ್ವಾರು ಬೈಯಲಿಲ್ಲ. ಒಲೆಯನ್ನೇ ನೋಡುತ್ತ, "ಅವರಿಗೂ ಇವು ಇಟ್ಕೋಳೂ ಮನಸ್ಸಿರ್ಲಿಲ್ಲ ಬಿಡು," ಎಂದರು. ಆಮೇಲೆ ಮೊಮ್ಮಗಳಿಗೆ, "ಇನ್ನ ಒಂದ ಹಾಳಿ ಸೈತ ಸುಡೂದು ಬ್ಯಾಡ. ಎಲ್ಲಾ ಬಿಚ್ಚಿ, ಒಂದೊಂದ ನೋಡಿ, ಹಿಂದ ನಂಬರ್ ಹಾಕವ್ವಾ."

ಹಿಂದೆ ನಂಬರು. ಪ್ರತಿಯೊಂದು ಹಾಳೆಯನ್ನೂ ಮಗುಚಿ, ಬೆನ್ನಿನ ಮೂಲೆಗೆ ಪೆನ್ಸಿಲಿನಲ್ಲಿ ಅಂಕಿ ಹಾಕುವುದು ಸಂಗ್ರಹಾಲಯದವರ ಪದ್ಧತಿಯಂತೆ. ನನ್ನ ಮಗಳು ಇದ್ದದ್ದು ಬೆನ್ನಿನ ಮೇಲೆಯೇ.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಯಾವ ವೈರಿಗೂ ಬಯಸುವುದಿಲ್ಲ. ಹಾಳೆ ಸುಟ್ಟಿತೋ ಉಳಿಯಿತೋ ಗೊತ್ತಿಲ್ಲ. ಸುಟ್ಟಿದ್ದರೆ ಮಗಳನ್ನು ನನ್ನ ಕೈಯಿಂದಲೇ ಎರಡನೆಯ ಸಲ ಕಳೆದೆ. ಉಳಿದಿದ್ದರೆ ಇನ್ನೊಬ್ಬಳ ಪಾಳಿ. ಮೊಮ್ಮಗಳು ಪಡಸಾಲೆಯಲ್ಲಿ, ಬೆಳಕು ಚೆನ್ನಾಗಿದೆಯೆಂದು, ಅವಳ ಅವ್ವ ಕೂತಿದ್ದ ಕಂಬಕ್ಕೇ ಒರಗಿ, ಒಂದು ಕಾಲು ಚಾಚಿ ಕೂರುತ್ತಿದ್ದಳು. "ಅಲ್ಲಿ ಕೂಡಬ್ಯಾಡ, ಗಾಳಿ ಬಡೀತದ," ಎಂದರೆ, "ಗಾಳಿ ಬೇಕಂತೇ ಕುಂತೇನಿ," ಎನ್ನುತ್ತಿದ್ದಳು. ಎದುರಿನ ಗೋಡೆಗೆ ಒರಗಿಸಿಟ್ಟ ಚಿತ್ರಗಳಲ್ಲಿ ದೇವರುಗಳ ಬಂಗಾರ ಉದುರಿ ಕಣ್ಣಷ್ಟೇ ಉಳಿದಿದ್ದವು. ಅವೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಿವೆ ಎನಿಸುತ್ತಿತ್ತು.

ಮಧ್ಯಾಹ್ನ ಅವಳು ಒಂದು ಗಳಿಗೆ ಅಡ್ಡಾದಾಗ ನಾನು ಗುಂಪಿನ ಮುಂದೆ ಕುಳಿತು ಮುಂದಿನ ಹಾಳೆಗಳನ್ನು ಮಗುಚುತ್ತಿದ್ದೆ. ಸಿಕ್ಕರೆ ಸೀರೆಯೊಳಗೆ ಮುಚ್ಚಿ ನೇರ ಹೊಳೆಗೆ ಹೋಗುವುದು ಎಂದು ಗಟ್ಟಿ ಮಾಡಿದ್ದೆ. ಬರೀ ಖಾಲಿ ಬೆನ್ನುಗಳು. ಜಿರಲೆಯ ತತ್ತಿ, ಕಾಗದ ತಿನ್ನುವ ಬೆಳ್ಳಿಹುಳ, ಹಳೆಯ ಅಂಟಿನ ವಾಸನೆ.

ಒಂದು ದಿನ ಅವಳು ಅಫಜಲಪುರ ಕಡೆಯ ಹಳ್ಳಿಯೊಂದರಿಂದ ಬಂದ ಪತ್ರವನ್ನು ಗಟ್ಟಿಯಾಗಿ ಓದಿದಳು. ಸಾಹೇಬರು ಆ ಮನೆಯಿಂದ ಒಂದು ಚಿತ್ರ ಕೇಳಿ ತಂದಿದ್ದರಂತೆ. ಪತ್ರದಲ್ಲಿ ಹೀಗಿತ್ತು: ಚಿತ್ರ ಹೋದ ಮೇಲೆ ಗೋಡೆಯಲ್ಲಿ ಅದರ ಆಕಾರದ ಬಿಳಿ ಕಲೆ ಉಳಿದಿದೆ, ನಮ್ಮ ತಾಯಿ ಊಟಕ್ಕೆ ಕುಳಿತರೆ ಆ ಕಲೆಯ ಕಡೆ ನೋಡಿ ಕೈ ತೊಳೆದು ಏಳುತ್ತಾಳೆ. ಕೆಳಗೆ ಸಾಹೇಬರ ಕೈಬರಹ: ನಾಳೆಯೇ ಒಯ್ದು ಕೊಡುವುದು, ಅದರ ಜಾಗ ಅಲ್ಲಿಯೇ.

"ಎಂಥಾ ಮನಷ್ಯಾ ಇದ್ರು ಆಯಿ," ಎಂದು ಅವಳು ಕಣ್ಣೊರೆಸಿಕೊಂಡಳು. ಅವಳ ಕಣ್ಣನ್ನು ನಾನು ನೋಡಲಿಲ್ಲ. ಕಾಲು ನೋಡುತ್ತಿದ್ದೆ. ಚಪ್ಪಲಿಯ ಪಟ್ಟಿಯ ಗುರುತು ಬಾವಿನಲ್ಲಿ ಆಳಕ್ಕೆ ಇಳಿದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ತಗ್ಗು ಬಿತ್ತು.

ಮರುದಿನ ಕಲಬುರಗಿಯ ಡಾಕ್ಟರಮ್ಮ ಬಿ.ಪಿ. ಹೆಚ್ಚಾಗಿದೆ ಎಂದರು. ಗುಳಿಗೆ ಕೊಟ್ಟು, ತಲೆನೋವು ಬಂದರೆ, ಕಣ್ಣು ಮಂಜಾದರೆ ಆ ಕ್ಷಣಕ್ಕೆ ಹೊರಟು ಬನ್ನಿ ಎಂದರು. ಮನೆಯಲ್ಲೇ ಇರು ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಅವಳು ಕೇಳಲಿಲ್ಲ. "ಇನ್ನ ಒಂದ ಬಸ್ತಾ ಉಳದದ ಆಯಿ, ಕುಂತ ಮಾಡೂ ಕೆಲಸ."

ಉಳಿದದ್ದು ಬಿಳಿ. ಒಳಗೆ ಏನಿದೆಯೆಂದು ದೇವರಿಗೇ ಗೊತ್ತು.

ನಾನು ಅಡಿಗೆಮನೆಯಲ್ಲಿ ಅವ್ವಾರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಬಹಳ ಹೊತ್ತಿನಿಂದ ಬಳೆಯ ಸದ್ದಿಲ್ಲ ಎಂಬುದು ಒಮ್ಮೆಲೆ ಅರಿವಿಗೆ ಬಂತು. ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ಓಡಿದೆ.

ಅವಳು ಹಾಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಕಾಲು ಚಾಚಿತ್ತು. ನನ್ನ ಹೆಜ್ಜೆಗೆ ಕತ್ತು ತಿರುಗಿಸಿದಳು. ಅಯ್ಯೋ ಶಿವನೇ, ಹಾಳೆಯಲ್ಲಿ ತಿರುಗಿದ ಕತ್ತು, ಹಾಳೆ ಹಿಡಿದವಳ ಕತ್ತು, ಎರಡೂ ಒಂದೇ!

"ಆಯಿ, ನನ್ನ ಚಿತ್ರ ಇಲ್ಲಿ ಹೆಂಗ ಬಂತು?" ಎಂದಳು. ಆಮೇಲೆ, ನಾನು ಬಾಯಿ ತೆರೆಯುವ ಮೊದಲೇ, ಅವಳ ಮುಖ ಬದಲಾಯಿತು. "ಇದು ನಾನಲ್ಲ. ನನಗ ಮೂಗುಬೊಟ್ಟಿಲ್ಲ."

ಕಂಬ ಹಿಡಿದುಕೊಂಡು ಎಲ್ಲ ಹೇಳಿದೆ. ಅತ್ತೆಯ ಮಾತನ್ನೂ ಹೇಳಿದೆ.

"ಇಪ್ಪತ್ತೇಳು ವರ್ಷಬೇ! ಕನ್ನಡಿ ನೋಡ್ಕೊ, ಕನ್ನಡಿ ನೋಡ್ಕೊ ಅಂತ. ಕನ್ನಡ್ಯಾಗ ಯಾವತ್ತರ ಅವ್ವ ಸಿಗ್ತಾಳೇನು?"

"ನಿನ್ನ ಉಳಸ್ಲಾಕ ಮಾಡೇನಿ ತಂಗಿ."

"ಈ ಹಾಳಿ ಮುಚ್ಚಿಟ್ಟದ್ದು ಆಕೀನ ಉಳಸ್ಕೊಳ್ಳಾಕ. ಅದನ್ನರ ಒಪ್ಪಿಕೋ."

ಹಾಳೆಯ ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿದ ಒಂದು ಚೀಟಿ ಇತ್ತು. ತುಕ್ಕು ಹಿಡಿದಿತ್ತು. ಅವಳು ಓದಿದಳು. "ಇದು ನನ್ನದಲ್ಲ. ನಮ್ಮ ಮನೆಯ ಕೆಲಸದವಳು ಇಟ್ಟದ್ದು. ಕೇಳಿದ ದಿನ ಕೊಡುವುದು. ತಾನಾಗಿ ಕೇಳುವವರೆಗೆ ಯಾರೂ ಮಾತೆತ್ತಬಾರದು." ಸಾಹೇಬರ ಅಕ್ಷರ. ಕೆಂಪು ಬಸ್ತಾದಲ್ಲಿ ಕಂಡದ್ದನ್ನು ಯಾವಾಗಲೋ ತೆಗೆದು, ಚೀಟಿ ಹಚ್ಚಿ, ಅಮಾನತ್ ಎಂದು ಹಸಿರಿನಲ್ಲಿ ಕಟ್ಟಿಸಿದ್ದರು. ನಾನು ಬಸ್ತಾ ಒಗೆದ ದಿನ ಅದು ಬಿಳಿಗೆ ಸೇರಿಹೋಗಿತ್ತು. ಕಟ್ಟಿದವಳು ನಾನೇ! ನನ್ನ ಕೈಯಿಂದಲೇ ಗಂಟು ಹಾಕಿಸಿ ಅವರು ಇಪ್ಪತ್ತು ವರ್ಷ ಸುಮ್ಮನಿದ್ದರು.

ಮೊಮ್ಮಗಳು ಹಣೆ ಒತ್ತಿಕೊಂಡು, "ಆಯಿ, ಅಕ್ಷರ ಎರಡೆರಡು ಕಾಣಾಕತ್ತಾವ," ಎಂದಳು.

ಅವ್ವಾರು ಗಾಡಿ ತರಿಸಿದರು, ಅವಳ ಗಂಡ ಅಂಗಡಿಯಿಂದ ಹಾಗೆಯೇ ಬಂದು ಹತ್ತಿದ. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ಹಾಳೆಯನ್ನು ಬಿಡಲು ಅವಳು ಒಪ್ಪಿರಲಿಲ್ಲ. ನಾನೇ ಬಿಡಿಸಿಕೊಂಡು ಕೈಚೀಲದಲ್ಲಿ ಇಟ್ಟಿದ್ದೆ. ಹೊರಗೆ ಬಿಸಿಲು ಚೆನ್ನಾಗಿತ್ತು, ಹತ್ತಿಯ ಹೊಲದಲ್ಲಿ ಹೆಂಗಸರು ನಗುತ್ತ ಬಿಡಿಸುತ್ತಿದ್ದರು. ಭೀಮಾ ಸೇತುವೆ ಬಂತು.

ನನ್ನ ಕೈ ಚೀಲದೊಳಗೆ ಹೋಯಿತು. ಕಿಟಕಿ ತೆರೆದೇ ಇತ್ತು. ಕೆಳಗೆ ನೀರು ತುಂಬ ಇತ್ತು, ಬಣ್ಣ ಕೆಮ್ಮಣ್ಣು. ಮಗಳ ಸೀರೆ, ಬಳೆ, ಬಾಚಣಿಕೆ ಹೋದದ್ದು ಇದೇ ನೀರಿಗೆ. ಒಂದು ಸಲ ಕೈ ಬೀಸಿದರೆ ಸಾಕು, ಅತ್ತೆಯ ಬಾಯಿ ಮುಚ್ಚುತ್ತದೆ. ಹಾಳೆಯ ಅಂಚು ಗಾಳಿಗೆ ಪಟಪಟ ಬಡಿಯಿತು, ತಾನೇ ಹೋಗಲು ತಯಾರಿದ್ದಂತೆ.

ಮೊಮ್ಮಗಳು ಕಣ್ಣು ಮುಚ್ಚಿಕೊಂಡೇ, "ಆಯಿ, ಅವ್ವ ಅದಾಳಲ್ಲ?" ಎಂದಳು.

ಸಾಹೇಬರ ಚೀಟಿ ನೆನಪಾಯಿತು. ಕೇಳಿದ ದಿನ ಕೊಡುವುದು. ಇಟ್ಟವಳು ನಾನು ನಿಜ, ಕೇಳಿದವಳು ಇವಳು.

"ಅದಾಳ," ಎಂದೆ. ಸೇತುವೆ ದಾಟಿತು.

ದವಾಖಾನೆಯಲ್ಲಿ ಅವಳನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ನಾನು ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತೆ. ಚೀಲದೊಳಗೆ ಒಬ್ಬಳು ಬಸುರಿ, ಬಾಗಿಲೊಳಗೆ ಒಬ್ಬಳು. ಇಬ್ಬರ ನಡುವೆ ನಾನು ಕಾವಲಿಗೆ ಕುಳಿತ ಹಾಗಿತ್ತು. ಯಾರು ಯಾರನ್ನು ಕರೆಯುತ್ತಾರೋ ಎಂದು ಕಿವಿಗೊಟ್ಟಿದ್ದೆ. "ಕರೀಬ್ಯಾಡ," ಎಂದು ಚೀಲಕ್ಕೆ ಹೇಳಿದೆ. "ನಿನ್ನ ಮಗಳಬೇ ಆಕಿ. ನೋಡಿ ಸುಮ್ನ ಕೂಡು." ಪಕ್ಕದ ಹೆಂಗಸು ಸರಿದು ಕುಳಿತಳು.

ನರ್ಸ್ ಹೊರಗೆ ಬಂದದ್ದು ಸಂಜೆ ಐದಕ್ಕೆ. ಕೈಯಲ್ಲಿ ಒಂದು ಬಿಳಿ ಗಂಟು. ಹೆಣ್ಣು! ಎರಡು ಕಿಲೋ ಚಿಲ್ಲರೆ ಹೆಣ್ಣು, ಮೂಗು ಚಪ್ಪಟೆ, ಸಿಟ್ಟು ತಲೆಯ ತನಕ. ತಾಯಿಯೂ ಹುಷಾರು. ನಾನು ಏನು ಮಾಡಿದೆನೋ ನೆನಪಿಲ್ಲ. ನರ್ಸಿನ ಎರಡೂ ಕೈಗೆ ಮುತ್ತಿಟ್ಟೆನಂತೆ, ಕಾವಲುಗಾರನನ್ನು ಅಪ್ಪಿಕೊಂಡೆನಂತೆ, ಸರಿದು ಕುಳಿತಿದ್ದ ಆ ಹೆಂಗಸಿಗೆ ಚೀಲದಲ್ಲಿದ್ದ ಸಕ್ಕರೆಯನ್ನೆಲ್ಲ ಸುರಿದೆನಂತೆ. ಬಸ್‌ಸ್ಟ್ಯಾಂಡಿನ ಹೆಂಗಸು ಸಿಕ್ಕಿದ್ದರೆ ಅವಳಿಗೂ ಹೇಳುತ್ತಿದ್ದೆ. ಮುಚ್ಚಿಡುವ ಕೆಲಸ ನನ್ನಿಂದ ಸಾಕು. ಇಷ್ಟು ಹೇಳುತ್ತಿರುವುದೂ ಅದೇ ಉಕ್ಕಿಗೆ, ತಪ್ಪೊಪ್ಪು ಹೊಟ್ಟೆಗೆ ಹಾಕಿಕೊಳ್ಳಿ.

ಬಾಣಂತನಕ್ಕೆ ನನ್ನ ಮನೆಯಲ್ಲೇ ಉಳಿದು, ಮೈ ಸುಧಾರಿಸಿದ ಮೇಲೆ ಮೊಮ್ಮಗಳು ಪಟ್ಟಿ ಪೂರ್ತಿ ಮಾಡಿದಳು. ಸಾಹೇಬರ ಚೀಟಿಯ ಕೆಳಗೆ, ಕೇಳಿದ್ದಕ್ಕೆ ಕೊಟ್ಟಿದೆ ಎಂದು ಬರೆದು, ನನ್ನ ದಸ್ತಖತ್ ಹಾಕಿಸಿಕೊಂಡಳು. ಕಾಗದಗಳು ಕಲಬುರಗಿಗೆ ಹೋದವು. ಚೀಟಿಯೂ ಹೋಯಿತು. ಹಾಳೆ ನಮ್ಮ ಮನೆಗೆ ಬಂತು, ಎರಡೂ ಕಡೆ ಗಾಜಿಟ್ಟು, ತೊಟ್ಟಿಲಿನ ಎದುರಿನ ಗೋಡೆಗೆ.

ಕೂಸು ನಿದ್ದೆಯಲ್ಲಿ ನಗುತ್ತದೆ. ಆ ಗೋಡೆಯ ಕಡೆ ಮುಖ ಮಾಡಿಯೇ ನಗುತ್ತದೆ. ಹೆಣ್ಣುಕೂಸು ನಗುವ ಮನೆಯಲ್ಲಿ ಇದ್ದೇನಲ್ಲ, ಇದಕ್ಕಿಂತ ನನಗೆ ಇನ್ನೇನು ಬೇಕು! ಆದರೂ ಸಂಜೆ ದೀಪ ಹಚ್ಚುವಾಗ ಯಾರೂ ನೋಡದಂತೆ ಹಾಳೆಯನ್ನು ತಿರುಗಿಸಿಡುತ್ತೇನೆ. ಕೋರ್ಟಿನ ಬರಹ ಈ ಕಡೆ, ಮಗಳ ಮುಖ ಗೋಡೆಗೆ. ಬೆಳಿಗ್ಗೆ ಎದ್ದು ನೋಡಿದರೆ ಅವಳು ಮತ್ತೆ ಕತ್ತು ತಿರುಗಿಸಿ ತೊಟ್ಟಿಲನ್ನೇ ನೋಡುತ್ತಿರುತ್ತಾಳೆ.

ಮೊಮ್ಮಗಳೇ ತಿರುಗಿಸುತ್ತಿರಬೇಕು. ನಾನಿನ್ನೂ ಕೇಳಿಲ್ಲ.